ಹೆರಿಗೆ ನೋವು: ಕಾಯುವುದೋ, ಬರಿಸುವುದೋ?

ಬಸುರಿಯಿರುವ ಮನೆಯಲ್ಲಿ ಡಾಕ್ಟರು ಬರೆದುಕೊಟ್ಟ ತಾರೀಖು ದಾಟಿತೆಂದರೆ ಆತಂಕ ಶುರುವಾಗುತ್ತದೆ. ‘ಇನ್ನೂ ನೋವು ಬಂದಿಲ್ಲವೇ?’ ಎಂದು ನೆಂಟರಿಷ್ಟರ ವಿಚಾರಣೆ. ‘ಅಡ್ಮಿಟ್ ಆಗಿ, ನೋವು ಬರಿಸೋಣ’ ಎಂದು ಆಸ್ಪತ್ರೆಯವರು ಹೇಳಿದರೆ ಆತಂಕ ಇಮ್ಮಡಿ. ಕನಕಪುರ ರಸ್ತೆಯ ತಲಘಟ್ಟಪುರಕ್ಕೆ 2021ರಲ್ಲಿ ಮೆಟ್ರೋ ಬಂತು. ಆದರೆ ಸೂಲಗಿತ್ತಿಯರ ಕಾಲವನ್ನು ಬಲ್ಲ ಹಿರಿಯರು ಇಂಥ ಊರುಗಳಲ್ಲಿ ಇನ್ನೂ ಇದ್ದಾರೆ. ತಾನಾಗಿ ಬರಬೇಕಾದ ನೋವನ್ನು ಬಲವಂತವಾಗಿ ಬರಿಸಿದರೆ ತಾಯಿಗೂ ಮಗುವಿಗೂ ತೊಂದರೆಯಾಗದೇ ಎಂಬುದು ಅವರ ಪ್ರಶ್ನೆ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ.

ಮೊದಲು ಈ ತಾರೀಖಿನ ಮಾತು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಅದನ್ನು ಗೊತ್ತುಮಾಡುತ್ತಾರೆ. ಅದು ಅಂದಾಜು ಮಾತ್ರ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು.

ಹಿಂದಿನವರು ಸುಮ್ಮನೆ ಕಾದು ಕೂರುತ್ತಿದ್ದರು ಎನ್ನುವಂತೆಯೂ ಇಲ್ಲ. ಜೀರಿಗೆ ಕಷಾಯ ಕುಡಿಸಿ ನೋವು ಸುಳ್ಳೋ ನಿಜವೋ ಎಂದು ನೋಡುತ್ತಿದ್ದರು. ಹರಳೆಣ್ಣೆ ಕುಡಿಸುವುದೂ ಇತ್ತು. ಹರಳೆಣ್ಣೆ ಕರುಳಿನಂತೆ ಗರ್ಭಕೋಶವನ್ನೂ ಕೆರಳಿಸಬಲ್ಲದು. ಆದರೆ ಅದರ ಮೇಲೆ ಯಾರಿಗೂ ಹಿಡಿತವಿಲ್ಲ. ಕೆಲವೊಮ್ಮೆ ಸಿಗುವುದು ವಾಂತಿ, ಭೇದಿ ಮಾತ್ರ.

ಹಿಡಿತ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ. ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ತೋರಿಸಿದರು. ಅದರಲ್ಲಿದ್ದ ಆಕ್ಸಿಟೋಸಿನ್ ಹಾರ್ಮೋನನ್ನು ಅಮೆರಿಕದ ವಿನ್ಸೆಂಟ್ ಡು ವೀನ್ಯೊ 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇಂದು ಡ್ರಿಪ್ಪಿನಲ್ಲಿ ಹನಿಹನಿಯಾಗಿ ಕೊಡುವುದು ಇದನ್ನೇ. ಆದರೆ ಗರ್ಭಕೋಶದ ಬಾಯಿ ಗಟ್ಟಿಯಾಗಿದ್ದರೆ ಡ್ರಿಪ್ಪೊಂದೇ ಸಾಲದು. ಮೊದಲು ಅದನ್ನು ಮೆತ್ತಗಾಗಿಸಬೇಕು. ಅದಕ್ಕೆ ಪ್ರೊಸ್ಟಗ್ಲಾಂಡಿನ್ ಜೆಲ್, ಮಿಸೊಪ್ರೊಸ್ಟಾಲ್ ಮಾತ್ರೆ ಅಥವಾ ತುದಿಯಲ್ಲಿ ಪುಟ್ಟ ಬಲೂನಿರುವ ಫೋಲಿ ನಳಿಕೆ ಬಳಸುತ್ತಾರೆ.

ಇದು ಬೇಕಾಗುವುದು ಯಾರಿಗೆ? ರಕ್ತದೊತ್ತಡ ಏರಿದವರಿಗೆ, ನೀರು ಒಡೆದೂ ನೋವು ಬಾರದವರಿಗೆ, ಹೊಟ್ಟೆಯಲ್ಲಿ ಮಗು ಸರಿಯಾಗಿ ಬೆಳೆಯದಿದ್ದಾಗ, ದಿನ ಮೀರಿದಾಗ. 41 ವಾರ ತುಂಬಿದ್ದು ಖಚಿತವಾದರೆ ನೋವು ಬರಿಸುವುದು ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 2,760 ಮಹಿಳೆಯರಿದ್ದರು. ಅರ್ಧದಷ್ಟು ಜನರಿಗೆ 41 ವಾರಕ್ಕೆ ನೋವು ಬರಿಸಲಾಯಿತು, ಉಳಿದವರನ್ನು 42ರವರೆಗೆ ಕಾಯಿಸಲಾಯಿತು. ಕಾದ ಗುಂಪಿನಲ್ಲಿ 6 ಮಕ್ಕಳು ಸತ್ತವು, ಮತ್ತೊಂದರಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

‘ನೋವಿನ ಇಂಜೆಕ್ಷನ್ ಕೊಟ್ಟರೆ ಕೊನೆಗೆ ಆಪರೇಷನ್ನೇ’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಅಮೆರಿಕದಲ್ಲಿ ಚೊಚ್ಚಲ ಬಸುರಿಯರಾಗಿದ್ದ 6,106 ಆರೋಗ್ಯವಂತ ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ಹೇಳಿತು. 39ನೇ ವಾರದಲ್ಲಿ ನೋವು ಬರಿಸಿಕೊಂಡವರಲ್ಲಿ ಸಿಸೇರಿಯನ್ ಶೇ 18.6, ಕಾದವರಲ್ಲಿ ಶೇ 22.2. ಆದರೆ ಅವರೆಲ್ಲ ಸದಾ ನಿಗಾ ಇರುವ ಆಸ್ಪತ್ರೆಗಳಲ್ಲಿದ್ದವರು ಎಂಬುದನ್ನು ಮರೆಯಬಾರದು.

ಏಕೆಂದರೆ ಅಪಾಯವಿರುವುದು ನಿಗಾ ಇಲ್ಲದ ಕಡೆ. ಒಂದು ನೋವಿಗೂ ಮತ್ತೊಂದಕ್ಕೂ ನಡುವಿನ ಬಿಡುವಿನಲ್ಲಿ ಮಾಸಿನ ಮೂಲಕ ಮಗುವಿಗೆ ರಕ್ತ ಹರಿಯುತ್ತದೆ. ಔಷಧಿ ಹೆಚ್ಚಾದರೆ ಆ ಬಿಡುವೇ ಇಲ್ಲವಾಗಿ ಮಗುವಿಗೆ ಆಮ್ಲಜನಕ ಸಾಲದೆ ಹೋಗಬಹುದು. ಅದರ ಪೆಟ್ಟು ಮಿದುಳಿಗೆ ತಾಗಬಹುದು. ಹಿಂದೆ ಸಿಸೇರಿಯನ್ ಆಗಿದ್ದರೆ ಗರ್ಭಕೋಶ ಹಳೆಯ ಹೊಲಿಗೆಯ ಕಡೆ ಬಿರಿಯುವ ಭಯವಿದೆ. ಆದ್ದರಿಂದಲೇ ಮನೆಗೆ ಯಾರನ್ನೋ ಕರೆಸಿ ಆಕ್ಸಿಟೋಸಿನ್ ಚುಚ್ಚಿಸುವುದು ಜೀವದ ಜತೆ ಆಡುವ ಜೂಜು. ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗದು, ಡ್ರಿಪ್ಪನ್ನಾದರೆ ತಕ್ಷಣ ನಿಲ್ಲಿಸಬಹುದು. ಒಳ್ಳೆಯ ಮುಹೂರ್ತಕ್ಕೆಂದು 39 ವಾರಕ್ಕೂ ಮುಂಚೆ ಹೆರಿಗೆ ಮಾಡಿಸಿದರೆ ಮಗುವಿಗೆ ಉಸಿರಾಟದ ತೊಂದರೆ ಬರುವ ಸಂಭವ ಹೆಚ್ಚು.

ಈ ಔಷಧಿಯ ದುರ್ಬಳಕೆ ಕೊಟ್ಟಿಗೆಯನ್ನೂ ಮುಟ್ಟಿದೆ. ಹಾಲು ಇಳಿಸಲೆಂದು ಹಸು, ಎಮ್ಮೆಗಳಿಗೆ ಚುಚ್ಚುವುದನ್ನು ತಡೆಯಲು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ದೇಶೀ ಬಳಕೆಗೆ ಖಾಸಗಿಯವರು ಇದನ್ನು ತಯಾರಿಸದಂತೆ ಆದೇಶಿಸಿತು. ಇಡೀ ದೇಶಕ್ಕೆ ಒದಗಿಸುವ ಹೊಣೆಯನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಕಂಪನಿಯೊಂದಕ್ಕೇ ವಹಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಔಷಧಿಗೆ ಅಭಾವವಾದರೆ ತಾಯಂದಿರ ಗತಿಯೇನು ಎಂಬುದೇ ವಾದದ ತಿರುಳಾಗಿತ್ತು. ನೋವು ಬರಿಸುವ ಆಕ್ಸಿಟೋಸಿನ್ನೇ ಹೆರಿಗೆಯಾದ ಕೂಡಲೇ ರಕ್ತಸ್ರಾವವನ್ನು ತಡೆಯುವ ಮೊದಲ ಔಷಧಿಯೂ ಹೌದು.

ಹಾಗಾದರೆ ಮನೆಯವರು ಮಾಡಬೇಕಾದ್ದೇನು? ನೋವು ಬರಿಸೋಣ ಎಂದಾಗ ಕಾರಣವೇನು, ಈಗ ಎಷ್ಟನೇ ವಾರ, ಮಗುವಿನ ಎದೆಬಡಿತವನ್ನು ಆಗಾಗ ನೋಡುವವರು ಯಾರು, ತುರ್ತಾದರೆ ಆಪರೇಷನ್ ಇಲ್ಲೇ ಆಗುವುದೇ ಎಂದು ಕೇಳಿ ತಿಳಿದುಕೊಳ್ಳಬೇಕು. ಸರಿಯಾದ ಉತ್ತರ ಸಿಕ್ಕರೆ ಅಂಜಬೇಕಾಗಿಲ್ಲ. ಹೊಟ್ಟೆಯಲ್ಲಿ ಮಗುವಿನ ಆಟ ಕಡಿಮೆಯಾಯಿತೆಂದು ಬಸುರಿಗೆ ಅನ್ನಿಸಿದರೆ ಮಾತ್ರ ಯಾವ ತಾರೀಖಿಗೂ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.