ಜಗತ್ತಿನ ಪಂಚಾಯಿತಿಯಲ್ಲಿ ಯಾರ ಮಾತು ನಡೆಯುತ್ತದೆ?

ಭೂಸನೂರಿನ ನಮ್ಮ ಕಲಿಕಾ ಕೇಂದ್ರ. ಸಂಜೆಯ ಹೊತ್ತು. ನಾವೆಲ್ಲ ಸೇರಿ ಪೇಪರ್ ಓದುತ್ತಿದ್ದೆವು. ಒಬ್ಬ ತಾಯಿ ದಪ್ಪ ಅಕ್ಷರಗಳನ್ನು ಕೂಡಿಸಿ ಓದಿದರು: 'ಯುದ್ಧ'. ಓದಿ ಸುಮ್ಮನಾಗಲಿಲ್ಲ.

"ಅಕ್ಕೋರ, ಎಲ್ಲೋ ದೂರದಾಗ ಯುದ್ಧ ಆದ್ರ ನಮ್ಮೂರ ಅಂಗಡ್ಯಾಗ ಎಣ್ಣಿ ತುಟ್ಟಿ ಆಗ್ತದ. ಅದನ್ನ ನಿಲ್ಲಸೋರು ಯಾರೂ ಇಲ್ಲೇನ್ರೀ?" ಎಂದು ಕೇಳಿದರು.

ಅವರು ಹೇಳಿದ್ದು ನಿಜ. 2022ರಲ್ಲಿ ರಷ್ಯಾ ದೇಶ ಉಕ್ರೇನ್ ದೇಶದ ಮೇಲೆ ದಾಳಿ ಮಾಡಿತು. ನಮಗೆ ಬರುವ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನದು ಆ ಕಡೆಯಿಂದಲೇ ಬರುತ್ತಿತ್ತು. ಎಣ್ಣೆಯ ಬೆಲೆ ಏರಿತು. ಯುದ್ಧ ಮಾಡಿದವರು ಯಾರೋ, ಒಗ್ಗರಣೆಗೆ ಎಣ್ಣೆ ಕಡಿಮೆ ಮಾಡಿದವರು ನಾವು.

ಹಾಗಾದರೆ ನಿಲ್ಲಿಸುವವರು ಯಾರು? ತಿಳಿಯೋಣ ಬನ್ನಿ.

ಜಗತ್ತಿಗೂ ಒಂದು ಕಟ್ಟೆ

ಊರಿನ ಜಗಳ ಹಿರಿಯರ ಕಟ್ಟೆಗೆ ಬರುತ್ತದೆ. ದೇಶ ದೇಶಗಳ ಜಗಳಕ್ಕೂ ಒಂದು ಕಟ್ಟೆ ಇದೆ. ಅದರ ಹೆಸರು ವಿಶ್ವಸಂಸ್ಥೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್ 24ರಂದು ಅದು ಹುಟ್ಟಿತು. ಆಗ ಅದರಲ್ಲಿ 51 ದೇಶಗಳಿದ್ದವು. ಈಗ 193 ದೇಶಗಳಿವೆ.

ಅದರೊಳಗೆ ಒಂದು ಚಿಕ್ಕ ಸಭೆ ಇದೆ. ಅದೇ ಭದ್ರತಾ ಮಂಡಳಿ. ಯುದ್ಧ ನಿಲ್ಲಿಸಿ ಎಂದು ಹೇಳುವುದು, ಮಾತು ಕೇಳದ ದೇಶದ ವ್ಯಾಪಾರ ತಡೆಯುವುದು, ಶಾಂತಿಪಡೆ ಕಳಿಸುವುದು, ಎಲ್ಲ ಅದರ ಕೆಲಸ. ಅದರ ತೀರ್ಮಾನಗಳನ್ನು ಎಲ್ಲ ದೇಶಗಳೂ ಪಾಲಿಸಬೇಕು.

ಭದ್ರತಾ ಮಂಡಳಿಯಲ್ಲಿ 15 ದೇಶಗಳು ಕೂರುತ್ತವೆ. 10 ದೇಶಗಳು ಚುನಾವಣೆಯಲ್ಲಿ ಗೆದ್ದು ಎರಡು ವರ್ಷ ಇರುತ್ತವೆ. ಉಳಿದ ಐದು ದೇಶಗಳಿಗೆ ಚುನಾವಣೆಯೇ ಇಲ್ಲ. ಅವು ಕಾಯಂ ಸದಸ್ಯರು. ಅಮೆರಿಕ, ರಷ್ಯಾ, ಚೀನಾ, ಬ್ರಿಟನ್ ಮತ್ತು ಫ್ರಾನ್ಸ್.

ಒಬ್ಬರು ಬೇಡ ಅಂದರೆ ಸಾಕು

ನಮ್ಮ ಮಹಿಳಾ ಸಂಘದಲ್ಲಿ 15 ಮಂದಿ ಇದ್ದೇವೆ ಅಂತ ತಿಳಿಯಿರಿ. ಒಬ್ಬಾಕೆಗೆ ಮಗಳ ಹೆರಿಗೆಗೆ ಸಾಲ ಬೇಕು. 14 ಮಂದಿ "ಕೊಡೋಣ" ಅಂದರು. ಒಬ್ಬಾಕೆ ಮಾತ್ರ "ಬೇಡ" ಅಂದಳು. ಅಷ್ಟಕ್ಕೇ ಸಾಲ ನಿಂತು ಹೋಯಿತು. ಇದು ನ್ಯಾಯವೇ?

ಆ ಐದು ದೇಶಗಳ ಕೈಯಲ್ಲಿ ಇಂಥದೇ ಅಧಿಕಾರ ಇದೆ. ಅದನ್ನು ವೀಟೋ ಎನ್ನುತ್ತಾರೆ. 2022ರ ಫೆಬ್ರವರಿ 25ರಂದು ರಷ್ಯಾ ತನ್ನ ಸೈನ್ಯ ಹಿಂದಕ್ಕೆ ಕರೆಸಬೇಕು ಎಂಬ ಠರಾವು ಬಂತು. 11 ದೇಶಗಳು ಹೌದು ಎಂದವು. ಭಾರತ, ಚೀನಾ ಮತ್ತು ಅರಬ್ ಸಂಯುಕ್ತ ಸಂಸ್ಥಾನ ಮತ ಹಾಕಲಿಲ್ಲ. ರಷ್ಯಾ ಬೇಡ ಎಂದಿತು. ಠರಾವು ಬಿದ್ದುಹೋಯಿತು. ಆರೋಪ ಯಾರ ಮೇಲೆ ಇತ್ತೋ ಅವರದೇ ಮಾತು ನಡೆಯಿತು.

2023ರ ಡಿಸೆಂಬರ್ 8ರಂದು ಗಾಜಾದಲ್ಲಿ ಯುದ್ಧ ನಿಲ್ಲಲಿ ಎಂಬ ಠರಾವಿಗೆ 13 ದೇಶಗಳು ಹೌದು ಎಂದವು. ಅಮೆರಿಕ ಬೇಡ ಎಂದಿತು. ಅದೂ ಬಿದ್ದುಹೋಯಿತು.

ಇಂಥ ನಿಯಮ ಯಾಕೆ ಮಾಡಿದರು? ಆ ಐದು ದೇಶಗಳು 1945ರಲ್ಲಿ ಯುದ್ಧ ಗೆದ್ದ ಬಣದವು. ವೀಟೋ ಇಲ್ಲದಿದ್ದರೆ ದೊಡ್ಡ ದೇಶಗಳು ಕಟ್ಟೆಗೇ ಬರುವುದಿಲ್ಲ ಎಂಬ ಅಂಜಿಕೆ ಇತ್ತು. ಅಂದಿನ ಲೆಕ್ಕ ಇಂದಿಗೂ ನಡೆದಿದೆ.

ಅಧ್ಯಕ್ಷರ ಕುರ್ಚಿಯಲ್ಲಿ ಮಂಗಳೂರಿನವರು

ನಮ್ಮ ಕರ್ನಾಟಕದವರೊಬ್ಬರು ಈ ಮಂಡಳಿಯ ಅಧ್ಯಕ್ಷರಾಗಿದ್ದರು. ಅವರೇ ಬೆನಗಲ್ ನರಸಿಂಗ ರಾವ್. ಮಂಗಳೂರಿನವರು. ನಮ್ಮ ಸಂವಿಧಾನ ಬರೆಯುವಾಗ ಸಲಹೆಗಾರರಾಗಿದ್ದವರು.

ಭಾರತ ಮೊದಲ ಸಲ 1950ರಲ್ಲಿ ಮಂಡಳಿಗೆ ಬಂತು. ಅಲ್ಲಿ ತಿಂಗಳಿಗೆ ಒಂದು ದೇಶಕ್ಕೆ ಅಧ್ಯಕ್ಷ ಸ್ಥಾನ. 1950ರ ಜೂನ್ ತಿಂಗಳು ನಮ್ಮ ಪಾಳಿ. ರಾವ್ ಅವರು ಕುರ್ಚಿಯಲ್ಲಿದ್ದರು. ಆಗಲೇ ಕೊರಿಯಾ ಯುದ್ಧ ಸುರುವಾಯಿತು. ಮಂಡಳಿ ಕೂಡಲೇ ತೀರ್ಮಾನ ಮಾಡಿತು.

ಹೇಗೆ ಸಾಧ್ಯವಾಯಿತು? ಆಗಿನ ಸೋವಿಯತ್ ಒಕ್ಕೂಟ ಬೇರೊಂದು ವಿಷಯಕ್ಕೆ ಸಿಟ್ಟಾಗಿ ಸಭೆಗೆ ಬಂದಿರಲಿಲ್ಲ. ಒಂದು ಕುರ್ಚಿ ಖಾಲಿ ಇತ್ತು. ವೀಟೋ ಹಾಕುವವರು ಇರಲಿಲ್ಲ. ಆಗಸ್ಟಿನಲ್ಲಿ ಅವರು ತಿರುಗಿ ಬಂದರು. ಕೆಲಸ ಕಟ್ಟಿಬಿತ್ತು. ಆಗ ರಾವ್ ಒಂದು ಸಲಹೆ ಕೊಟ್ಟರು. ಕಾಯಂ ಅಲ್ಲದ ಸದಸ್ಯ ದೇಶಗಳು ಸಮಿತಿಯಾಗಿ ಕೂತು ಶಾಂತಿಯ ದಾರಿ ಹುಡುಕಲಿ ಎಂದರು. ಅದು ಕೈಗೂಡಲಿಲ್ಲ. ಯುದ್ಧ 1953ರವರೆಗೆ ನಡೆಯಿತು.

ಬದಲಾವಣೆ ಸಾಧ್ಯವೇ?

ಸಾಧ್ಯ. ಒಂದು ಸಲ ಆಗಿದೆ. ಮೊದಲು ಮಂಡಳಿಯಲ್ಲಿ 11 ದೇಶಗಳಿದ್ದವು. 1965ರಲ್ಲಿ 15 ಆದವು. ಆದರೆ ಕಾಯಂ ಸದಸ್ಯರು ಐದೇ ಉಳಿದರು.

ಆಫ್ರಿಕಾ ಖಂಡದಲ್ಲಿ 54 ದೇಶಗಳಿವೆ. ಅವುಗಳಲ್ಲಿ ಒಂದಕ್ಕೂ ಕಾಯಂ ಜಾಗ ಇಲ್ಲ. ಜಗತ್ತಿನಲ್ಲೇ ಹೆಚ್ಚು ಜನ ಇರುವ ದೇಶ ನಮ್ಮದು. ನಮಗೂ ಇಲ್ಲ. 2021-22ರವರೆಗೆ ಭಾರತ ಎಂಟು ಸಲ ಗೆದ್ದು ಕೂತಿದೆ, ಎದ್ದು ಬಂದಿದೆ. ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಕೂಡಿ ಕಾಯಂ ಜಾಗ ಕೇಳುತ್ತಿವೆ. ಪಾಕಿಸ್ತಾನ, ಇಟಲಿ ಮುಂತಾದವು ಹೊಸ ಕಾಯಂ ಸದಸ್ಯರು ಬೇಡ, ಚುನಾವಣೆಯ ಜಾಗ ಹೆಚ್ಚಿಸಿ ಎನ್ನುತ್ತವೆ.

ತೊಡಕು ಎಲ್ಲಿದೆ? ನಿಯಮ ತಿದ್ದಲು ಮೂರರಲ್ಲಿ ಎರಡು ಪಾಲು ದೇಶಗಳು ಒಪ್ಪಬೇಕು. ಆ ಐದು ದೇಶಗಳೂ ಒಪ್ಪಬೇಕು. ಬೀಗ ತೆಗೆಯಬೇಕು, ಕೀಲಿ ಕೈ ಅವರ ಸೆರಗಿನಲ್ಲೇ ಇದೆ.

ಆದರೂ ಸಣ್ಣ ಹೆಜ್ಜೆ ಬಿದ್ದಿದೆ. 2022ರ ಏಪ್ರಿಲ್‌ನಲ್ಲಿ ಒಂದು ಠರಾವು ಆಯಿತು. ಯಾರೇ ವೀಟೋ ಹಾಕಲಿ, 10 ಕೆಲಸದ ದಿನಗಳೊಳಗೆ ಎಲ್ಲ ದೇಶಗಳ ಮಹಾಸಭೆಯಲ್ಲಿ ಅದರ ಚರ್ಚೆ ನಡೆಯಬೇಕು. ವೀಟೋ ಹೋಗಲಿಲ್ಲ. ಆದರೆ ಬೇಡ ಎಂದವರನ್ನು ಯಾಕೆ ಎಂದು ಎಲ್ಲರೆದುರು ಕೇಳಬಹುದು.

ನಮಗೆ ಇದು ಹೊಸದಲ್ಲ. ಪಂಚಾಯಿತಿ ಕಟ್ಟೆಗೆ ಹೆಂಗಸರು ಯಾಕೆ ಎನ್ನುವ ಕಾಲ ಇತ್ತು. 1987ರ ಚುನಾವಣೆಯಲ್ಲಿ ಕರ್ನಾಟಕದ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು ಜಾಗ ಸಿಕ್ಕಿತು. 1993ರ ಕಾಯಿದೆ ಮೂರರಲ್ಲಿ ಒಂದು ಪಾಲು ಕೊಟ್ಟಿತು. ಈಗ ಅರ್ಧ ಜಾಗ ನಮ್ಮದು. ಕಾಯಂ ಅಂತ ತಿಳಿದಿದ್ದ ನಿಯಮವೂ ಕೇಳುತ್ತಾ ಹೋದರೆ ಸಡಿಲುತ್ತದೆ.

ಮಾತಾಡೋಣ

1. ನಿಮ್ಮ ಸಂಘದಲ್ಲಿ ಎಲ್ಲರ ಮಾತಿಗೂ ಒಂದೇ ತೂಕ ಇದೆಯೇ?

2. ಭಾರತಕ್ಕೆ ಕಾಯಂ ಜಾಗ ಸಿಕ್ಕರೆ ವೀಟೋ ಕೂಡ ಕೇಳಬೇಕೇ? ಅಥವಾ ವೀಟೋ ಯಾರಿಗೂ ಬೇಡವೇ?

3. ಮುಂದಿನ ಗ್ರಾಮಸಭೆಯಲ್ಲಿ ನೀವು ಯಾವ ಪ್ರಶ್ನೆ ಕೇಳುತ್ತೀರಿ? ಇಲ್ಲಿ ಬರೆಯಿರಿ.