ಹಳೆಯ ಗಣಕಯಂತ್ರ: ದುರಸ್ತಿಯೋ, ವಿದಾಯವೋ?

ಹತ್ತು ವರ್ಷಗಳ ಹಿಂದೆ ಅರಿಶಿನ ಕುಂಕುಮವಿಟ್ಟು ಮನೆಗೆ ತಂದ ಗಣಕಯಂತ್ರ ಇಂದು ಮೂಲೆಯಲ್ಲಿ ಏದುಸಿರು ಬಿಡುತ್ತಿದೆ. ಗುಂಡಿಯೊತ್ತಿ, ಕಾಫಿ ಕುಡಿದು ಬಂದರೂ ಅದು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. “ಹೊಸದನ್ನೇ ತನ್ನಿ” ಎನ್ನುವರು ಮಕ್ಕಳು. “ಇನ್ನೊಂದು ವರ್ಷ ನಡೆಯಲಿ” ಎನ್ನುವರು ಹಿರಿಯರು. ಯಾರ ಮಾತು ಸರಿ?

ಚಿಕಿತ್ಸೆಗೆ ಮೊದಲು ರೋಗದ ಮೂಲವನ್ನರಿಯಬೇಕು. ಹಳೆಯ ಯಂತ್ರಗಳ ಜಡತ್ವಕ್ಕೆ ಅನೇಕ ವೇಳೆ ಹಾರ್ಡ್ ಡಿಸ್ಕೇ ಕಾರಣ. ಅದರೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಎದುರಿಗೆ ಬರುವವರೆಗೆ ಯಂತ್ರ ಕಾಯಲೇಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಅದರ ಸ್ಥಾನದಲ್ಲಿರಿಸಿ, 4 ಜಿಬಿ ಮೆಮೊರಿಯನ್ನು 8ಕ್ಕೆ ಏರಿಸಿದರೆ ಮುದಿಯಂತ್ರಕ್ಕೂ ಚೈತನ್ಯ ಮರಳೀತು.

ಆದರೆ ವೇಗವೊಂದೇ ಪ್ರಶ್ನೆಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆ ಇರಬೇಕು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳಲ್ಲಿ ಬಹುಪಾಲು ಅದರ ಅಂಗೀಕೃತ ಪಟ್ಟಿಯಲ್ಲಿಲ್ಲ. ರಕ್ಷಣೆ ತಪ್ಪಿದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅಗುಳಿಯಿಲ್ಲದ ಬಾಗಿಲ ಮನೆಯಲ್ಲಿ ಹಣವಿಟ್ಟಂತೆ. ಬರವಣಿಗೆ, ಅಂತರಜಾಲಗಳಷ್ಟೇ ಸಾಕೆನ್ನುವವರಿಗೆ ಉಚಿತವಾದ ಲಿನಕ್ಸ್ ಉಂಟು. ಮದರ್‌ಬೋರ್ಡೇ ಕೆಟ್ಟಿದ್ದರೆ, ಇಲ್ಲವೆ ದುರಸ್ತಿಯ ವೆಚ್ಚ ಹೊಸದರ ಅರ್ಧ ಬೆಲೆಯನ್ನು ಮೀರಿದರೆ, ಬೀಳ್ಕೊಡುವುದೇ ಜಾಣತನ.

ಯಾವ ದಾರಿ ಹಿಡಿದರೂ ಮೊದಲ ಕೆಲಸವೊಂದೇ: ಒಳಗಿರುವ ಚಿತ್ರಗಳನ್ನೂ ಪತ್ರಗಳನ್ನೂ ಬೇರೆಡೆ ನಕಲು ಮಾಡಿಡುವುದು. ಯಂತ್ರ ಮತ್ತೆ ಅಂಗಡಿಯಲ್ಲಿ ದೊರೆತೀತು. ಅಗಲಿದ ಅಜ್ಜಿಯ ನಗುಮುಖ ದೊರೆಯದು.