ಪಂಪಾನಿಟೊದ ಕಾಂಪೌಂಡರ್

ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದ ನಮ್ಮವರು ಒಂದಲ್ಲ ಒಂದು ಶನಿವಾರ ಸ್ಯಾನ್ ಫ್ರಾನ್ಸಿಸ್ಕೊದ ಫಿಶರ್‌ಮನ್ಸ್ ವಾರ್ಫ್ ನೋಡಿಯೇ ನೋಡುತ್ತಾರೆ. ಪಿಯರ್ 39ರಲ್ಲಿ ಬಿಸಿಲು ಕಾಯಿಸುತ್ತ ಬಿದ್ದುಕೊಂಡ ಸೀ ಲಯನ್‌ಗಳು, ಕೊಲ್ಲಿಯ ನಡುವೆ ಆಲ್ಕಟ್ರಾಜ್ ಜೈಲು, ನಾಲ್ಕು ಫೋಟೊ, ಚಳಿಗಾಳಿಗೆ ಒಂದು ಕಾಫಿ. ಅಲ್ಲಿಂದ ಹತ್ತು ನಿಮಿಷ ನಡೆದರೆ ಪಿಯರ್ 45 ಸಿಗುತ್ತದೆ. ಅದರ ಪಕ್ಕದ ನೀರಿನಲ್ಲಿ 95 ಮೀಟರ್ ಉದ್ದದ ಜಲಾಂತರ್ಗಾಮಿಯೊಂದು ತೇಲುತ್ತಿದೆ. ಹೆಸರು ಯುಎಸ್‌ಎಸ್ ಪಂಪಾನಿಟೊ. ಟಿಕೆಟ್ ಕೊಂಡರೆ ಒಳಗೆ ಇಳಿದು ಹಿಂದಿನಿಂದ ಮುಂದಿನವರೆಗೂ ನಡೆದು ಬರಬಹುದು.

ಎರಡನೇ ಮಹಾಯುದ್ಧದ ಲೆಕ್ಕದಲ್ಲಿ ಪಂಪಾನಿಟೊ ತೀರಾ ದೊಡ್ಡ ಹೆಸರೇನಲ್ಲ. ಆರು ಗಸ್ತು, ಮುಳುಗಿಸಿದ್ದು ಆರು ಜಪಾನಿ ಹಡಗು, ಪೆಟ್ಟು ಕೊಟ್ಟಿದ್ದು ನಾಲ್ಕಕ್ಕೆ. ಟ್ಯಾಂಗ್, ವಾಹೂ, ಬಾರ್ಬ್ ಎಂಬ ಅಮೆರಿಕದ ಜಲಾಂತರ್ಗಾಮಿಗಳ ಸಾಹಸ ಓದಿದವರಿಗೆ ಇದು ಸಾಧಾರಣ ಎನಿಸೀತು. ಆದರೆ ಇದರ ಮೂರನೇ ಗಸ್ತಿನಲ್ಲಿ, 1944ರ ಸೆಪ್ಟೆಂಬರ್‌ನ ಐದು ದಿನ, ಈ ಉಕ್ಕಿನ ಕೊಳವೆಯೊಳಗೆ ನಡೆದದ್ದು ಬೇರೆಯೇ ಬಗೆಯ ಕೆಲಸ. ಆ ಐದು ದಿನಕ್ಕಾಗಿಯೇ ನಾನು ಇದರ ಬಗ್ಗೆ ಬರೆಯಲು ಕೂತೆ.

ಮೊದಲು ಹುಟ್ಟಿನ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೇನ್ ರಾಜ್ಯದ ಕಿಟರಿಯಲ್ಲಿರುವ ಪೋರ್ಟ್ಸ್‌ಮತ್ ನೌಕಾ ಹಡಗುಕಟ್ಟೆಯಲ್ಲಿ 1943ರ ಮಾರ್ಚ್ 15ರಂದು ಕಟ್ಟುವ ಕೆಲಸ ಶುರುವಾಯಿತು. ಜುಲೈ 12ಕ್ಕೆ ನೀರಿಗಿಳಿಯಿತು, ನವೆಂಬರ್ 6ಕ್ಕೆ ಸೇವೆಗೆ ಸೇರಿತು. ಬಲಾವೊ ವರ್ಗದ ಈ ನೌಕೆ 400 ಅಡಿ ಆಳಕ್ಕೆ ಇಳಿಯಬಲ್ಲದು. ಮುಂದೆ ಆರು, ಹಿಂದೆ ನಾಲ್ಕು ಟಾರ್ಪಿಡೊ ಕೊಳವೆಗಳು. ಒಟ್ಟು 24 ಟಾರ್ಪಿಡೊ. ನೀರಿನ ಮೇಲೆ ನಾಲ್ಕು ಡೀಸೆಲ್ ಎಂಜಿನ್, ನೀರಿನ ಕೆಳಗೆ 252 ಬ್ಯಾಟರಿ ಸೆಲ್‌ಗಳ ಬಲ. ಸುಮಾರು 80 ಮಂದಿ ಇದರೊಳಗೆ ತಿಂಗಳುಗಟ್ಟಲೆ ಇರುತ್ತಿದ್ದರು. ನಾವಿಕರ ಮುಖ್ಯ ಮಲಗುವ ಕೋಣೆಯಲ್ಲಿ ಇದ್ದದ್ದು 36 ಬಂಕ್. ಒಬ್ಬ ಎದ್ದು ಪಾಳಿಗೆ ಹೋದರೆ ಅದೇ ಹಾಸಿಗೆಯಲ್ಲಿ ಇನ್ನೊಬ್ಬ ಮಲಗುತ್ತಿದ್ದ. ಟಾರ್ಪಿಡೊಗಳ ಮಗ್ಗುಲಲ್ಲೇ ಬಂಕ್ ಹಾಕಿಕೊಂಡವರೂ ಇದ್ದರು. ಸಿಹಿನೀರನ್ನು ಸಮುದ್ರದ ನೀರಿನಿಂದಲೇ ಬಟ್ಟಿ ಇಳಿಸಬೇಕಿತ್ತು. ಅದರಲ್ಲಿ ಮೊದಲ ಪಾಲು ಬ್ಯಾಟರಿಗೆ, ಆಮೇಲೆ ಅಡುಗೆಗೆ. ಸ್ನಾನದ ಸರದಿ ಕಟ್ಟಕಡೆಗೆ.

ಇನ್ನು ಆ ಸೆಪ್ಟೆಂಬರ್. ಸಿಂಗಾಪುರದಿಂದ ಜಪಾನಿಗೆ ಹೊರಟಿದ್ದ ಹಡಗುಗಳ ಸಾಲೊಂದನ್ನು ತಡೆಯಲು ಗ್ರೌಲರ್, ಸೀಲಯನ್, ಪಂಪಾನಿಟೊ ಎಂಬ ಮೂರು ಜಲಾಂತರ್ಗಾಮಿಗಳು ದಕ್ಷಿಣ ಚೀನಾ ಸಮುದ್ರದಲ್ಲಿ ಕಾದಿದ್ದವು. ಆ ಸಾಲಿನ ಎರಡು ಹಡಗುಗಳಲ್ಲಿ 2,200ಕ್ಕೂ ಹೆಚ್ಚು ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಯುದ್ಧಕೈದಿಗಳನ್ನು ತುಂಬಲಾಗಿತ್ತು. ಜಪಾನೀಯರು ಕಟ್ಟಿಸಿದ ಬರ್ಮಾ–ಥಾಯ್ಲೆಂಡ್ ರೈಲುಹಾದಿಯ ಕೆಲಸದಲ್ಲಿ ಸಾಯದೆ ಉಳಿದವರು ಅವರು. ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ಭಾರತೀಯ ಕೂಲಿಗಳು ಲೆಕ್ಕವಿಲ್ಲದಷ್ಟು ಮಂದಿ ಸತ್ತದ್ದೂ ಅದೇ ಹಾದಿಯಲ್ಲಿ. ಅವರ ಹೆಸರು ಬರೆದಿಟ್ಟವರು ಕಡಿಮೆ. ಬದುಕಿದ ಸೈನಿಕರನ್ನು ಜಪಾನಿನಲ್ಲಿ ದುಡಿಸಲೆಂದು ಒಯ್ಯುತ್ತಿದ್ದರು. ಹಡಗಿನ ಮೇಲೆ ಕೈದಿಗಳಿದ್ದಾರೆಂದು ತಿಳಿಸುವ ಗುರುತು ಏನೂ ಇರಲಿಲ್ಲ. ನೀರಿನಡಿಯಲ್ಲಿ ಹೊಂಚು ಹಾಕಿದವರಿಗೆ ಅದು ತಿಳಿಯುವಂತಿರಲಿಲ್ಲ.

ಸೆಪ್ಟೆಂಬರ್ 12ರ ನಸುಕಿನಲ್ಲಿ ಸೀಲಯನ್ ಬಿಟ್ಟ ಟಾರ್ಪಿಡೊಗಳು ರಕುಯೊ ಮಾರು ಹಡಗಿಗೆ ಬಡಿದವು. ಅದರಲ್ಲಿ ಸಾವಿರದ ಮುನ್ನೂರಕ್ಕೂ ಮೇಲ್ಪಟ್ಟು ಕೈದಿಗಳಿದ್ದರು. ಅದೇ ರಾತ್ರಿ ಪಂಪಾನಿಟೊ ಕಚಿಡೊಕಿ ಮಾರುವನ್ನು ಮುಳುಗಿಸಿತು. ಅದರಲ್ಲಿ 900 ಬ್ರಿಟಿಷ್ ಕೈದಿಗಳು. ಆ ಹಡಗಿನ ಹಿಂದಿನ ಹೆಸರು ಪ್ರೆಸಿಡೆಂಟ್ ಹ್ಯಾರಿಸನ್. ಅಮೆರಿಕದಲ್ಲೇ ಕಟ್ಟಿದ್ದು, 1941ರ ಡಿಸೆಂಬರ್‌ನಲ್ಲಿ ಜಪಾನೀಯರ ಕೈಗೆ ಬಿದ್ದಿತ್ತು. ತಾವು ಏನನ್ನು ಮುಳುಗಿಸಿದ್ದೇವೆಂದು ತಿಳಿಯದೆ ಪಂಪಾನಿಟೊದವರು ಮುಂದಿನ ಬೇಟೆಗೆ ಹೊರಟರು.

ರಕುಯೊ ಮಾರು ಮುಳುಗಲು ಸುಮಾರು ಹನ್ನೆರಡು ಗಂಟೆ ಹಿಡಿಯಿತು. ಬೆಂಗಾವಲು ಹಡಗುಗಳು ಬಂದು ಜಪಾನೀಯರನ್ನು ಮೊದಲು ಎತ್ತಿಕೊಂಡವು. ಕೈದಿಗಳಲ್ಲಿ ಕೆಲವರನ್ನಷ್ಟೇ ಆಮೇಲೆ ಹತ್ತಿಸಿಕೊಂಡವು. ಉಳಿದವರು ಹಲಗೆ, ತೆಪ್ಪ, ಸಿಕ್ಕಿದ್ದನ್ನು ಹಿಡಿದು ತೇಲಿದರು. ಸುತ್ತ ನೀರಿನ ಮೇಲೆಲ್ಲ ಕಚ್ಚಾ ತೈಲ. ಮೂರು ದಿನ ಹೀಗೇ ಕಳೆಯಿತು. ಉಪ್ಪುನೀರು ಕುಡಿದು ಬುದ್ಧಿಭ್ರಮಣೆಯಾಗಿ ಹಿಡಿತ ಬಿಟ್ಟವರು ಎಷ್ಟೋ.

15ರ ಸಂಜೆ ನಾಲ್ಕರ ಸುಮಾರಿಗೆ ಪಂಪಾನಿಟೊದ ಕಾವಲುಗಾರನಿಗೆ ದೂರದಲ್ಲಿ ತೆಪ್ಪವೊಂದು ಕಂಡಿತು. ಮೇಲಿದ್ದವರು ಎಣ್ಣೆ ಮೆತ್ತಿ ಕಪ್ಪಾಗಿದ್ದರು, ಯಾರೆಂದು ಗುರುತು ಹತ್ತಲಿಲ್ಲ. ಶತ್ರುಗಳೇ ಇರಬೇಕೆಂದು ಕ್ಯಾಪ್ಟನ್ ಪಾಲ್ ಸಮ್ಮರ್ಸ್ ಬಂದೂಕು ತರಿಸಿದ. ಹತ್ತಿರ ಹೋದಾಗ ಕಿರುಚಾಟದ ನಡುವೆ ಇಂಗ್ಲಿಷ್ ಮಾತು ಕೇಳಿಸಿತು: ದಯವಿಟ್ಟು ನಮ್ಮನ್ನು ಎತ್ತಿಕೊಳ್ಳಿ ಎಂಬ ಬೇಡಿಕೆ. ಬಂದೂಕುಗಳು ಕೆಳಗಿಳಿದವು.

ಮುಂದಿನ ನಾಲ್ಕು ಗಂಟೆ ಸಮ್ಮರ್ಸ್ ತನ್ನ ನೌಕೆಯನ್ನು ಶತ್ರುವಿನ ಕಡಲಿನಲ್ಲಿ ಮೇಲೆಯೇ ನಿಲ್ಲಿಸಿಕೊಂಡ. ಜಲಾಂತರ್ಗಾಮಿಗೆ ಅದಕ್ಕಿಂತ ಅಪಾಯದ ಹೊತ್ತು ಇನ್ನೊಂದಿಲ್ಲ. ಒಂದು ವಿಮಾನ ಕಂಡಿದ್ದರೂ ಡೆಕ್ಕಿನ ಮೇಲಿದ್ದವರನ್ನು ಬಿಟ್ಟು ಮುಳುಗಬೇಕಾಗುತ್ತಿತ್ತು. ತೆಪ್ಪದಲ್ಲಿದ್ದವರಿಗೆ ಎಸೆದ ಹಗ್ಗ ಹಿಡಿಯುವ ತ್ರಾಣವೂ ಇರಲಿಲ್ಲ. ಹಾಗಾಗಿ ನಾವಿಕರೇ ಹಗ್ಗ ಹಿಡಿದು ನೀರಿಗೆ ಹಾರಿದರು, ಈಜಿ ಹೋಗಿ ಒಬ್ಬೊಬ್ಬರನ್ನೇ ಎಳೆದು ತಂದರು. ಡೆಕ್ಕಿನ ಮೇಲೆ ಎಣ್ಣೆ ತೊಯ್ದ ಬಟ್ಟೆ ಕಳಚಿ, ಮೈಗೆ ಅಂಟಿದ ಕಚ್ಚಾ ತೈಲವನ್ನು ಡೀಸೆಲ್‌ನಲ್ಲಿ ಒರೆಸಿ, ತೂತಿನಂಥ ಬಾಗಿಲಿನಿಂದ ಕೆಳಗೆ ಇಳಿಸಿದರು. ಇಷ್ಟರ ನಡುವೆ ಸೀಲಯನ್‌ಗೂ ರೇಡಿಯೊ ಸಂದೇಶ ಹೋಯಿತು. ಕತ್ತಲಾಗಿ ಎಂಟು ಗಂಟೆಯಾಗುವ ಹೊತ್ತಿಗೆ ಒಳಗೆ ಬಂದವರು 73 ಜನ. ನೌಕೆಯ ಸಿಬ್ಬಂದಿ 79.

ಅಷ್ಟೂ ಮಂದಿಯನ್ನು ಬದುಕಿಸುವ ಹೊಣೆ ಒಬ್ಬನ ಮೇಲೆ ಬಿತ್ತು. ಹೆಸರು ಮಾರಿಸ್ ಡೆಮರ್ಸ್. ಜಲಾಂತರ್ಗಾಮಿಗಳಲ್ಲಿ ವೈದ್ಯರು ಇರುತ್ತಿರಲಿಲ್ಲ; ಒಬ್ಬ ಔಷಧ ಸಹಾಯಕ ಇರುತ್ತಿದ್ದ. ಹಿಂದೆ ನಮ್ಮ ಹಳ್ಳಿಯ ಆಸ್ಪತ್ರೆಗಳಲ್ಲಿ ಡಾಕ್ಟರು ಬಾರದ ದಿನ ಎಲ್ಲವನ್ನೂ ನಿಭಾಯಿಸುತ್ತಿದ್ದ ಕಾಂಪೌಂಡರ್ ಇದ್ದನಲ್ಲ, ಡೆಮರ್ಸ್ ಅಂಥವನು. ತಲೆನೋವು, ಬೆರಳಿನ ಗಾಯ, ಹೊಟ್ಟೆನೋವು ನೋಡಿಕೊಳ್ಳಲು ನೇಮಕವಾದವನ ಮುಂದೆ ಮಲೇರಿಯಾ, ಬೆರಿಬೆರಿ, ಕಾಲಿನ ಹುಣ್ಣು, ಎಣ್ಣೆಯಿಂದ ಮುಚ್ಚಿಹೋದ ಕಣ್ಣು, ಮೂಳೆಗೆ ಅಂಟಿದ ಚರ್ಮದ 73 ದೇಹಗಳು ಬಂದು ಬಿದ್ದಿದ್ದವು.

ಅವನು ಮಾಡಿದ್ದು ಬಹಳ ಸರಳವಾದದ್ದು, ಆದರೆ ನಿಲ್ಲಿಸದೆ ಮಾಡಿದ. ಒಮ್ಮೆಗೇ ನೀರು ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಒದ್ದೆ ಬಟ್ಟೆಯ ತುಣುಕನ್ನು ಬಾಯಿಗಿಟ್ಟು ಚೀಪಲು ಕೊಟ್ಟರು. ಆಮೇಲೆ ಸ್ವಲ್ಪ ಸ್ವಲ್ಪ ಬಿಸಿ ಸಾರು, ಚಹಾ. ಕೆಲವರನ್ನು ನಾವಿಕರ ಬಂಕ್‌ಗಳಲ್ಲಿ, ಕೆಲವರನ್ನು ಹಿಂಭಾಗದ ಟಾರ್ಪಿಡೊ ಕೋಣೆಯಲ್ಲಿ ಮಲಗಿಸಿದರು. ಪಾಳಿ ಮುಗಿಸಿದ ನಾವಿಕರು ತಮ್ಮ ನಿದ್ದೆ ಬಿಟ್ಟು ದಾದಿಯರಾದರು. ಚಮಚದಲ್ಲಿ ತಿನ್ನಿಸಿದರು, ಮೈ ಒರೆಸಿದರು, ತಮ್ಮ ಬಟ್ಟೆ ತೊಡಿಸಿದರು. ಎರಡೂವರೆ ವರ್ಷ ಹೊರಜಗತ್ತಿನ ಸುದ್ದಿ ಕೇಳದಿದ್ದವರಿಗೆ ಯುದ್ಧ ಎಲ್ಲಿಗೆ ಬಂದಿದೆ ಎಂದು ಹೇಳಿದರು. ಡೆಮರ್ಸ್ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇದ್ದ. ಜಾನ್ ಕ್ಯಾಂಬೆಲ್ ಎಂಬ ಬ್ರಿಟಿಷ್ ಸೈನಿಕನೊಬ್ಬ ಮಾತ್ರ ಮರುದಿನ ತೀರಿಕೊಂಡ. ಅವನನ್ನು ಸಮುದ್ರಕ್ಕೇ ಒಪ್ಪಿಸಿದರು. ಸೆಪ್ಟೆಂಬರ್ 20ರಂದು ಸೈಪಾನ್ ಬಂದರಿನಲ್ಲಿ 72 ಜನ ಜೀವಂತವಾಗಿ ಇಳಿದರು.

ಸೀಲಯನ್ 54 ಜನರನ್ನು ಎತ್ತಿತು. ಎರಡು ದಿನದ ಮೇಲೆ ಬಂದ ಕ್ವೀನ್‌ಫಿಶ್ ಮತ್ತು ಬಾರ್ಬ್ ಜಲಾಂತರ್ಗಾಮಿಗಳು ಇನ್ನೂ 32 ಜನರನ್ನು ಹುಡುಕಿದವು. ಅಷ್ಟರಲ್ಲಿ ಚಂಡಮಾರುತ ಎದ್ದಿತು, ಹುಡುಕಾಟ ಅಲ್ಲಿಗೆ ಮುಗಿಯಿತು. ಒಟ್ಟು 159 ಜನ, ಅದರಲ್ಲಿ ಏಳು ಮಂದಿ ದಾರಿಯಲ್ಲೇ ತೀರಿಕೊಂಡರು. ಬರ್ಮಾ ರೈಲುಹಾದಿಯಲ್ಲಿ ಕೈದಿಗಳ ಪಾಡೇನಾಗಿತ್ತು ಎಂಬ ಕಣ್ಣಾರೆ ಕಂಡ ಸಾಕ್ಷಿ ಬ್ರಿಟನ್, ಆಸ್ಟ್ರೇಲಿಯಾ ಸರ್ಕಾರಗಳ ಕೈಸೇರಿದ್ದು ಇವರಿಂದಲೇ. ಅದೇ ನವೆಂಬರ್‌ನಲ್ಲಿ ಎರಡೂ ದೇಶಗಳು ಅದನ್ನು ಬಹಿರಂಗಪಡಿಸಿದವು. ಮಕ್ಕಳು, ಗಂಡಂದಿರು ಎಲ್ಲಿದ್ದಾರೆಂದು ತಿಳಿಯದೆ ಕಾದಿದ್ದ ಮನೆಗಳಿಗೆ ಮೊದಲ ಸುದ್ದಿ ಹೋದದ್ದು ಹೀಗೆ. ಪಂಪಾನಿಟೊದ ಜತೆಗಾರ ಗ್ರೌಲರ್ ಅದೇ ತಿಂಗಳು ತನ್ನೆಲ್ಲ ನಾವಿಕರೊಂದಿಗೆ ಕಣ್ಮರೆಯಾಯಿತು. ಆ ಯುದ್ಧದಲ್ಲಿ ಅಮೆರಿಕ ಕಳೆದುಕೊಂಡ 52 ಜಲಾಂತರ್ಗಾಮಿಗಳಲ್ಲಿ ಅದೂ ಒಂದು.

ಯುದ್ಧ ಮುಗಿದ ಮೇಲೆ ಪಂಪಾನಿಟೊ ವರ್ಷಗಟ್ಟಲೆ ಸುಮ್ಮನೆ ನಿಂತಿತ್ತು, ಕೆಲಕಾಲ ತರಬೇತಿಗೆ ಬಳಕೆಯಾಯಿತು. 1971ರಲ್ಲಿ ನೌಕಾಪಡೆ ಕೈಬಿಟ್ಟಿತು. 1982ರಲ್ಲಿ ವಾರ್ಫ್‌ನಲ್ಲಿ ಮ್ಯೂಸಿಯಂ ಆಗಿ ತೆರೆಯಿತು. 1986ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಸ್ವಯಂಸೇವಕರು ಇದನ್ನು ಯುದ್ಧಕಾಲದ ರೂಪಕ್ಕೆ ತಂದಿದ್ದಾರೆ. ಗುರಿಯ ವೇಗ, ದಿಕ್ಕು, ದೂರವನ್ನು ಹಲ್ಲುಚಕ್ರಗಳಿಂದಲೇ ಲೆಕ್ಕ ಹಾಕಿ ಟಾರ್ಪಿಡೊಗೆ ಕೋನ ಕೊಡುತ್ತಿದ್ದ ಯಂತ್ರವನ್ನೂ ಕಷ್ಟಪಟ್ಟು ಮತ್ತೆ ನಡೆಯುವಂತೆ ಮಾಡಿದ್ದಾರೆ. ಪ್ರವಾಸಿಗರು ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ, ನಿಲ್ಲಲೂಬೇಕು.

ನನ್ನ ಕೊರಗು ಬೇರೆ. ಒಳಗೆ ಇಳಿಯುವ ಮೆಟ್ಟಿಲು ಇರುವುದು ಹಿಂಭಾಗದ ಟಾರ್ಪಿಡೊ ಕೋಣೆಗೆ. ಕಣ್ಣು ಇನ್ನೂ ಒಳಗಿನ ಬೆಳಕಿಗೆ ಹೊಂದಿಕೊಂಡಿರುವುದಿಲ್ಲ, ಹಿಂದಿನಿಂದ ಜನ ಬರುತ್ತಿರುತ್ತಾರೆ. ಹಿತ್ತಾಳೆ ಬಾಗಿಲುಗಳನ್ನು ಒಮ್ಮೆ ನೋಡಿ ಎಲ್ಲರೂ ಎಂಜಿನ್ ಕೋಣೆಯತ್ತ ಬಗ್ಗಿ ನಡೆದುಬಿಡುತ್ತಾರೆ. ಕೈದಿಗಳು ಮಲಗಿದ್ದ ಕೋಣೆ ಅದೇ. ಅಲ್ಲಿ ಸ್ವಲ್ಪ ನಿಂತು, ಬಂಕ್‌ಗಳ ನಡುವಿನ ಆ ಇಕ್ಕಟ್ಟಿನಲ್ಲಿ ಸಾರಿನ ಬಟ್ಟಲು ಹಿಡಿದು ಒಬ್ಬ ಮನುಷ್ಯ ಐದು ದಿನ ಹೇಗೆ ತಿರುಗಿರಬಹುದು ಎಂದು ಯೋಚಿಸಬೇಕು.

ನಮ್ಮ ವಿಶಾಖಪಟ್ಟಣದ ಕುರ್ಸುರಾ ಜಲಾಂತರ್ಗಾಮಿಯನ್ನು ಮರಳದಂಡೆಗೆ ಎಳೆದು ನಿಲ್ಲಿಸಿದ್ದಾರೆ. ಪಂಪಾನಿಟೊ ಇನ್ನೂ ಉಪ್ಪುನೀರಿನಲ್ಲೇ ಇದೆ. ಕೆಲವು ವರ್ಷಕ್ಕೊಮ್ಮೆ ಒಣಕಟ್ಟೆಗೆ ಒಯ್ದು ತಳ ಕೆರೆದು, ತುಕ್ಕು ತೆಗೆದು, ಬಣ್ಣ ಬಳಿಯದೆ ವಿಧಿಯಿಲ್ಲ. ಆ ಖರ್ಚು ಸಣ್ಣದಲ್ಲ; ಅದು ಹುಟ್ಟಬೇಕಾದದ್ದು ಬಹುಪಾಲು ಟಿಕೆಟ್ಟಿನಿಂದ, ದೇಣಿಗೆಯಿಂದ. ಆ 159 ಜನರನ್ನು ಹೊತ್ತು ತಂದ ಉಳಿದ ಮೂರು ನೌಕೆಗಳಲ್ಲಿ ಸೀಲಯನ್ ಮತ್ತು ಕ್ವೀನ್‌ಫಿಶ್ ಎರಡನ್ನೂ ಅಮೆರಿಕದ ನೌಕಾಪಡೆಯೇ ಗುರಿಯಾಗಿಟ್ಟು ಹೊಡೆದು ಮುಳುಗಿಸಿತು. ಬಾರ್ಬ್ ಇಟಲಿಗೆ ಹೋಗಿ ಗುಜರಿಯಾಯಿತು. ನಾಲ್ಕರಲ್ಲಿ ಇಂದಿಗೂ ಒಳಗೆ ಇಳಿಯಲು ಆಗುವುದು ಇದೊಂದಕ್ಕೆ ಮಾತ್ರ.